ಪಂತನಾವ್ ಶಾಲೆಯ ಮಾಸ್ತರರು

ಮಕ್ಕಳೇ, ನಿಮ್ಮ ತರಗತಿಯ ಗೋಡೆಯ ಮೇಲೆ ಏಷ್ಯಾ ಖಂಡದ ನಕಾಶೆ ಇದೆಯಲ್ಲವೆ? ಅದರ ಮುಂದೆ ನಿಂತು ಬಂಗಾಳ ಉಪಸಾಗರವನ್ನು ಹುಡುಕಿರಿ. ಅದರ ಎಡಗಡೆ ನಮ್ಮ ದೇಶ. ಬಲಗಡೆ, ಸಮುದ್ರದ ಆಚೆಯ ದಡದಲ್ಲಿ, ಗಾಳಿಪಟದಂತೆ ಬಾಲ ಬಿಟ್ಟ ಒಂದು ಉದ್ದನೆಯ ದೇಶ ಕಾಣುತ್ತದೆ. ಇಂದು ಅದನ್ನು ಮ್ಯಾನ್ಮಾರ್ ಎನ್ನುತ್ತಾರೆ. 1989ರ ವರೆಗೆ ಅದರ ಹೆಸರು ಬರ್ಮಾ. ನಿಮ್ಮ ಅಜ್ಜ ಅಜ್ಜಿಯರಿಗೆ ಆ ಹೆಸರೇ ಗೊತ್ತು. ನಾವೂ ಈ ಪಾಠದಲ್ಲಿ ಬರ್ಮಾ ಎಂದೇ ಕರೆಯೋಣ.

ಆ ದೇಶದ ನಡುವೆ ಮೇಲಿನಿಂದ ಕೆಳಗೆ ಐರಾವತಿ ಎಂಬ ದೊಡ್ಡ ನದಿ ಹರಿಯುತ್ತದೆ. ಸಮುದ್ರ ಸೇರುವ ಮೊದಲು ಅದು ಕೈಬೆರಳುಗಳಂತೆ ಹಲವು ಕವಲುಗಳಾಗಿ ಒಡೆಯುತ್ತದೆ. ಎಲ್ಲಿ ನೋಡಿದರೂ ನೀರು, ಕೆಸರು, ಭತ್ತದ ಗದ್ದೆ. ಅಲ್ಲಿಯ ಒಂದು ಚಿಕ್ಕ ಊರು ಪಂತನಾವ್. ನಿಮ್ಮ ನಕಾಶೆಯಲ್ಲಿ ಆ ಊರಿನ ಹೆಸರು ಸಿಗಲಿಕ್ಕಿಲ್ಲ. ಆದರೆ ಆ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಮಾಸ್ತರರು ಮುಂದೆ ಜಗತ್ತಿನ ರಾಷ್ಟ್ರಗಳು ಕೂಡುವ ವಿಶ್ವಸಂಸ್ಥೆಗೆ ಮಹಾಕಾರ್ಯದರ್ಶಿಯಾದರು. ಅವರೇ ಊ ಥಾಂಟ್.

ಬರ್ಮಾ ನಮಗೆ ಅಷ್ಟೇನೂ ದೂರದ್ದಲ್ಲ. 1937ರ ವರೆಗೆ ಬ್ರಿಟಿಷರು ಅದನ್ನು ಹಿಂದುಸ್ತಾನದ ಒಂದು ಪ್ರಾಂತವೆಂದೇ ಆಳಿದರು. ನಮ್ಮ ರೂಪಾಯಿ ಅಲ್ಲಿಯೂ ನಡೆಯುತ್ತಿತ್ತು. ಲೋಕಮಾನ್ಯ ಟಿಳಕರನ್ನು ಮಂಡಾಲೆಯ ಸೆರೆಮನೆಯಲ್ಲಿ ಇಟ್ಟಿದ್ದರೆಂದು ನೀವು ಕೇಳಿದ್ದೀರಿ. ಆ ಮಂಡಾಲೆ ಬರ್ಮಾದಲ್ಲಿದೆ. ಟಿಳಕರು ಅಲ್ಲಿ ಸೆರೆಯಲ್ಲಿದ್ದಾಗಲೇ, 1909ರ ಜನವರಿ 22ರಂದು, ಪಂತನಾವ್‌ನಲ್ಲಿ ಥಾಂಟ್ ಹುಟ್ಟಿದರು.

ಅವರ ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. ಬರ್ಮಾದ ಜನರಿಗೆ ನಮ್ಮಂತೆ ಅಡ್ಡಹೆಸರು ಇರುವುದಿಲ್ಲ. ತಂದೆಯ ಹೆಸರು ಪೊ ನಿಟ್. ತಾಯಿಯ ಹೆಸರು ನಾನ್ ತೌಂಗ್. ಮಗನ ಹೆಸರು ಬರೀ ಥಾಂಟ್. ನಾವು ಹಿರಿಯರನ್ನು ಬರೀ ಹೆಸರಿನಿಂದ ಕರೆಯದೆ ಕಾಕಾ, ಮಾಮಾ ಎಂದು ಸೇರಿಸುತ್ತೇವಲ್ಲ, ಹಾಗೆ ಅವರೂ ಹೆಸರಿನ ಮುಂದೆ ಒಂದು ಶಬ್ದವನ್ನು ಸೇರಿಸುತ್ತಾರೆ. ಚಿಕ್ಕ ಹುಡುಗನಿಗೆ ಮೌಂಗ್, ಅಂದರೆ ತಮ್ಮ. ತುಸು ದೊಡ್ಡವನಿಗೆ ಕೋ, ಅಂದರೆ ಅಣ್ಣ. ವಯಸ್ಸಿನಲ್ಲಿ ಅಥವಾ ಮಾನದಲ್ಲಿ ದೊಡ್ಡವರಿಗೆ ಊ, ಅಂದರೆ ಕಾಕಾ. ಮೌಂಗ್ ಥಾಂಟ್ ಎಂಬ ಹುಡುಗ ಹೀಗೆ ಬೆಳೆದು ಊ ಥಾಂಟ್ ಆದ. ದೊಡ್ಡ ದೊಡ್ಡ ದೇಶಗಳ ಅಧ್ಯಕ್ಷರು ಅವರಿಗೆ ಬರೆದ ಪತ್ರಗಳಲ್ಲಿ, ತಿಳಿದೋ ತಿಳಿಯದೆಯೋ, ಅವರನ್ನು ಥಾಂಟ್ ಕಾಕಾ ಎಂದೇ ಕರೆದ ಹಾಗಾಯಿತು!

ತಂದೆ ಪೊ ನಿಟ್ ಅವರಿಗೆ ಹೊಲಗದ್ದೆಗಳಿದ್ದವು. ಅಕ್ಕಿಯ ವ್ಯಾಪಾರವೂ ಇತ್ತು. ಊರಿನಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವರು ಅವರು. ಮನೆಯಲ್ಲಿ ಪುಸ್ತಕಗಳ ಸಂಗ್ರಹವಿತ್ತು. ರಂಗೂನಿನಲ್ಲಿ ಒಂದು ಬರ್ಮೀ ಪತ್ರಿಕೆ ಆರಂಭವಾದಾಗ ಅದಕ್ಕೆ ಅವರ ನೆರವೂ ಇತ್ತು. ನಾಲ್ವರು ಗಂಡುಮಕ್ಕಳಲ್ಲಿ ಥಾಂಟ್ ಹಿರಿಯ. ಅವನಿಗೆ ಪುಸ್ತಕ ಸಿಕ್ಕರೆ ಊಟದ ನೆನಪಿರುತ್ತಿರಲಿಲ್ಲ. ಗೆಳೆಯರು ಅವನನ್ನು ತತ್ತ್ವಜ್ಞಾನಿ ಎಂದು ಚೇಷ್ಟೆ ಮಾಡುತ್ತಿದ್ದರು. ದೊಡ್ಡವನಾಗಿ ಪತ್ರಿಕೆಗಳಲ್ಲಿ ಬರೆಯಬೇಕು ಎಂಬುದು ಅವನ ಆಸೆ.

ಥಾಂಟನಿಗೆ ಹದಿನಾಲ್ಕು ವರ್ಷವಾದಾಗ ತಂದೆ ತೀರಿಕೊಂಡರು. ಆಸ್ತಿಗಾಗಿ ಸಂಬಂಧಿಕರಲ್ಲಿ ವ್ಯಾಜ್ಯವಾಯಿತು. ಇದ್ದ ಹಣ ಕರಗಿತು. ತಾಯಿಯ ಮುಂದೆ ನಾಲ್ಕು ಮಕ್ಕಳು. ಥಾಂಟ್ 1926ರಲ್ಲಿ ರಂಗೂನ್ ವಿಶ್ವವಿದ್ಯಾಲಯ ಸೇರಿದರೂ ನಾಲ್ಕು ವರ್ಷ ಓದಿ ಪದವಿ ಪಡೆಯುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ತಮ್ಮಂದಿರು ಓದಬೇಕು, ಮನೆ ನಡೆಯಬೇಕು. ಅದಕ್ಕಾಗಿ ಎರಡೇ ವರ್ಷದ ಓದು ಮುಗಿಸಿ 1928ರಲ್ಲಿ ಊರಿಗೆ ಮರಳಿದರು. ಪಂತನಾವ್‌ನ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾದರು. ಬೇಗನೆ ಮುಖ್ಯಾಧ್ಯಾಪಕರೂ ಆದರು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು ವಯಸ್ಸು.

ಆ ಶಾಲೆಗೆ ರಾಷ್ಟ್ರೀಯ ಶಾಲೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1920ರಲ್ಲಿ ರಂಗೂನಿನ ವಿದ್ಯಾರ್ಥಿಗಳು ಬ್ರಿಟಿಷ್ ಸರಕಾರದ ಶಿಕ್ಷಣ ನೀತಿಯ ವಿರುದ್ಧ ಮುಷ್ಕರ ಹೂಡಿದ್ದರು. ಅದರ ಬಳಿಕ ದೇಶದ ಊರೂರಲ್ಲಿ ಜನರೇ ಇಂಥ ಶಾಲೆಗಳನ್ನು ತೆರೆದರು. ನಮ್ಮ ಸ್ವಾತಂತ್ರ್ಯ ಚಳವಳಿಯಲ್ಲಿಯೂ ಇಂಥ ರಾಷ್ಟ್ರೀಯ ಶಾಲೆಗಳಿದ್ದವು. ಈ ಶಾಲೆಗೆ ಥಾಂಟರ ಕಾಲೇಜಿನ ಗೆಳೆಯ ನು ಎಂಬವರು ಮೇಲ್ವಿಚಾರಕರಾಗಿ ಬಂದರು. ಇಬ್ಬರೂ ಸಮವಯಸ್ಕರೇ. ಒಬ್ಬರು ಬಿಸಿ, ಒಬ್ಬರು ತಂಪು. ನು ಅವರು ಮುಂದೆ ರಂಗೂನಿಗೆ ಹೋಗಿ ಸ್ವಾತಂತ್ರ್ಯದ ಹೋರಾಟದಲ್ಲಿ ಮುಳುಗಿದರು. ಥಾಂಟರು ಊರಿನಲ್ಲಿಯೇ ಉಳಿದರು. ಹಗಲು ಪಾಠ ಹೇಳುವುದು, ರಾತ್ರಿ ದೀಪದ ಮುಂದೆ ಕುಳಿತು ಪತ್ರಿಕೆಗಳಿಗೆ ಬರೆಯುವುದು, ಇಂಗ್ಲಿಷ್ ಪುಸ್ತಕಗಳನ್ನು ಬರ್ಮೀ ಭಾಷೆಗೆ ತರುವುದು. ಹೀಗೆ ಹತ್ತು ಹದಿನೈದು ವರ್ಷ ಕಳೆದವು. ಅವರು ಬರ್ಮೀ ಭಾಷೆಗೆ ತಂದ ಪುಸ್ತಕಗಳಲ್ಲಿ ಒಂದು ರಾಷ್ಟ್ರಸಂಘವನ್ನು ಕುರಿತದ್ದು. ಮೊದಲ ಮಹಾಯುದ್ಧದ ನಂತರ ರಾಷ್ಟ್ರಗಳು ಕಟ್ಟಿಕೊಂಡ ಸಂಘ ಅದು, ಇಂದಿನ ವಿಶ್ವಸಂಸ್ಥೆಯ ಹಿರಿಯಣ್ಣ. ಪಂತನಾವ್‌ನ ಕೆಸರುಹಾದಿಯ ಊರಿನಲ್ಲಿ ಕುಳಿತ ಒಬ್ಬ ಮಾಸ್ತರರಿಗೆ ಆ ಪುಸ್ತಕ ಏಕೆ ಬೇಕಾಯಿತೋ!

ಎರಡನೆಯ ಮಹಾಯುದ್ಧ ಬಂತು. ಜಪಾನಿನ ಸೈನ್ಯ ಬರ್ಮಾವನ್ನು ಹಿಡಿಯಿತು, ಮತ್ತೆ ಬ್ರಿಟಿಷರು ಬಂದರು, ಊರುಗಳು ಸುಟ್ಟವು. ಆಮೇಲೆ ಬ್ರಿಟಿಷರೂ ಹೊರಡುವ ಕಾಲ ಬಂತು. ದೇಶದ ನಾಯಕರಾದ ಆಂಗ್ ಸಾನ್ ಅವರನ್ನು 1947ರ ಜುಲೈಯಲ್ಲಿ ಶತ್ರುಗಳು ಗುಂಡಿಕ್ಕಿ ಕೊಂದರು. ಆಗ ನಾಯಕತ್ವ ನು ಅವರ ಹೆಗಲಿಗೆ ಬಿತ್ತು. 1948ರ ಜನವರಿ 4ರಂದು, ಜೋಯಿಸರು ನೋಡಿಕೊಟ್ಟ ಮುಹೂರ್ತದಂತೆ, ಬೆಳಕು ಹರಿಯುವ ಮೊದಲೇ ಬರ್ಮಾ ಸ್ವತಂತ್ರವಾಯಿತು. ಊ ನು ಪ್ರಧಾನಮಂತ್ರಿಯಾದರು. ಹಳೆಯ ಗೆಳೆಯನನ್ನು ರಂಗೂನಿಗೆ ಕರೆಸಿಕೊಂಡರು. ಮಾಸ್ತರರು ಮೊದಲು ಸರಕಾರದ ಆಕಾಶವಾಣಿಯನ್ನು ನೋಡಿಕೊಂಡರು, 1951ರಿಂದ ಪ್ರಧಾನಮಂತ್ರಿಗಳ ಕಾರ್ಯದರ್ಶಿಯಾದರು.

ಸ್ವಾತಂತ್ರ್ಯ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನೀವು ತಿಳಿಯಬಹುದು. ಹಾಗೆ ಆಗಲಿಲ್ಲ. ಬರ್ಮಾದಲ್ಲಿ ಹಲವು ಜನಾಂಗಗಳು, ಹಲವು ಭಾಷೆಗಳು ಇವೆ. ಅವುಗಳಲ್ಲಿ ಕರೆನ್ ಎಂಬ ಜನರು ತಮಗೆ ನ್ಯಾಯ ಸಿಗಲಿಲ್ಲವೆಂದು ಬಂಡೆದ್ದರು. ಐರಾವತಿಯ ಮುಖಜದಲ್ಲಿ ಕರೆನ್ ಜನರೂ ಬರ್ಮೀ ಜನರೂ ಅಕ್ಕಪಕ್ಕದಲ್ಲೇ ಬಾಳುತ್ತಿದ್ದರು. ಅವರ ಮನಸ್ಸನ್ನು ಬಲ್ಲ ಥಾಂಟರು ಅಪಾಯವನ್ನು ಲೆಕ್ಕಿಸದೆ ಬಂಡುಗಾರರ ಶಿಬಿರಗಳಿಗೇ ಹೋಗಿ ಸಂಧಾನಕ್ಕೆ ಯತ್ನಿಸಿದರು. ಸಂಧಾನ ಮುರಿಯಿತು. 1949ರಲ್ಲಿ ಪಂತನಾವ್ ಊರು ಬೆಂಕಿಗೆ ತುತ್ತಾಯಿತು. ಥಾಂಟರ ಮನೆಯೂ ಸುಟ್ಟಿತು. ಯುದ್ಧವೆಂದರೆ ಏನು ಎಂಬುದನ್ನು ಅವರು ಪುಸ್ತಕದಲ್ಲಿ ಮಾತ್ರ ಓದಿ ತಿಳಿದವರಲ್ಲ ಎಂಬುದನ್ನು ನೆನಪಿಡಿರಿ. ಮುಂದೆ ಇದು ಬೇಕಾಗುತ್ತದೆ.

ಈಗ ಆ ಕಾಲದ ಜಗತ್ತನ್ನು ಸ್ವಲ್ಪ ನೋಡೋಣ. ಮಹಾಯುದ್ಧ ಮುಗಿದ ಮೇಲೆ ಎರಡು ದೇಶಗಳು ಬಹಳ ಬಲಿಷ್ಠವಾದವು. ಒಂದು ಅಮೇರಿಕೆ, ಇನ್ನೊಂದು ಸೋವಿಯತ್ ರಷ್ಯಾ. ಇಬ್ಬರ ಬಳಿಯೂ ಅಣುಬಾಂಬು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸಂಶಯ. ನೇರವಾಗಿ ಯುದ್ಧ ಮಾಡಲಿಲ್ಲ, ಶಾಂತಿಯಿಂದಲೂ ಇರಲಿಲ್ಲ. ಇದಕ್ಕೆ ಶೀತಲ ಸಮರ ಎಂದು ಹೆಸರು. ಉಳಿದ ದೇಶಗಳನ್ನು ತಮ್ಮ ತಮ್ಮ ಪಕ್ಷಕ್ಕೆ ಎಳೆಯಲು ಇಬ್ಬರೂ ನೋಡುತ್ತಿದ್ದರು.

ಅದೇ ಕಾಲಕ್ಕೆ ಏಷ್ಯಾ ಆಫ್ರಿಕಾಗಳಲ್ಲಿ ಒಂದೊಂದೇ ದೇಶ ಸ್ವತಂತ್ರವಾಗುತ್ತಿತ್ತು. ಈ ಹೊಸ ದೇಶಗಳಲ್ಲಿ ಹಣವಿರಲಿಲ್ಲ, ದೊಡ್ಡ ಸೈನ್ಯವಿರಲಿಲ್ಲ. ಎಷ್ಟೋ ಕಡೆ ಸಾಕಷ್ಟು ಶಾಲೆಗಳೇ ಇರಲಿಲ್ಲ. ನೂರಾರು ವರ್ಷ ಒಬ್ಬರ ಕೈಕೆಳಗೆ ಇದ್ದು ಈಗ ತಾನೆ ಬಿಡಿಸಿಕೊಂಡವರು ಮತ್ತೆ ಯಾರದೋ ಹಿಂದೆ ಏಕೆ ನಿಲ್ಲಬೇಕು? ನಮ್ಮ ಜವಾಹರಲಾಲ ನೆಹರು, ಬರ್ಮಾದ ಊ ನು, ಇಂಡೋನೇಷ್ಯಾದ ಸುಕರ್ಣೊ, ಈಜಿಪ್ಟಿನ ನಾಸೆರ್ ಇವರೆಲ್ಲರ ವಿಚಾರ ಇದು. 1955ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಬಾಂಡುಂಗ್ ನಗರದಲ್ಲಿ ಏಷ್ಯಾ ಮತ್ತು ಆಫ್ರಿಕಾಗಳ 29 ದೇಶಗಳು ಸಭೆ ಸೇರಿದವು. ಯುರೋಪಿನ ಯಜಮಾನರು ಯಾರೂ ಇಲ್ಲದೆ ಇವರೇ ಕುಳಿತು ತಮ್ಮ ಮಾತು ಆಡಿಕೊಂಡ ಸಭೆ ಅದು. ಅದನ್ನು ಕರೆದ ಐದು ದೇಶಗಳಲ್ಲಿ ಭಾರತವೂ ಇತ್ತು, ಬರ್ಮಾವೂ ಇತ್ತು. ಊ ನು ಅವರ ಜೊತೆ ಕಾಗದಪತ್ರಗಳ ಕಟ್ಟು ಹಿಡಿದು ಥಾಂಟರೂ ಅಲ್ಲಿದ್ದರು.

1957ರಲ್ಲಿ ಥಾಂಟರು ಬರ್ಮಾದ ಪ್ರತಿನಿಧಿಯಾಗಿ ನ್ಯೂಯಾರ್ಕ್ ನಗರದ ವಿಶ್ವಸಂಸ್ಥೆಗೆ ಹೋದರು. 1945ರಲ್ಲಿ ಆ ಸಂಸ್ಥೆ ಹುಟ್ಟಿದಾಗ ಅದರ ಸದಸ್ಯ ದೇಶಗಳು 51. ಥಾಂಟರು ಹೋದ ಮೇಲೆ ಸಭಾಗೃಹದಲ್ಲಿ ಹೊಸ ಕುರ್ಚಿಗಳನ್ನು ಹಾಕುವುದೇ ಒಂದು ಕೆಲಸವಾಯಿತು. 1960 ಒಂದೇ ವರ್ಷದಲ್ಲಿ 17 ಹೊಸ ದೇಶಗಳು ಬಂದವು, ಅವುಗಳಲ್ಲಿ 16 ಆಫ್ರಿಕಾದವು. ಅಲ್ಜೀರಿಯಾ ಎಂಬ ದೇಶ ಆಗ ಫ್ರಾನ್ಸಿನ ಕೈಯಿಂದ ಬಿಡಿಸಿಕೊಳ್ಳಲು ಹೋರಾಡುತ್ತಿತ್ತು. ಅದರ ಪರವಾಗಿ ಏಷ್ಯಾ ಆಫ್ರಿಕಾದ ದೇಶಗಳು ವಿಶ್ವಸಂಸ್ಥೆಯಲ್ಲಿ ಒಂದು ಸಮಿತಿ ಮಾಡಿಕೊಂಡಾಗ ಅದರ ಅಧ್ಯಕ್ಷತೆಯನ್ನು ಥಾಂಟರಿಗೆ ಕೊಟ್ಟರು. ಮೆಲುಮಾತಿನ ಮನುಷ್ಯ. ಸಿಟ್ಟು ಬಂದರೆ ಮುಖದಲ್ಲಿ ತೋರುತ್ತಿರಲಿಲ್ಲ. ಬೌದ್ಧಧರ್ಮದ ಶ್ರದ್ಧಾಳು, ದಿನವೂ ಧ್ಯಾನ ಮಾಡುವವರು. ಚುಟ್ಟಾ ಸೇದುವುದೊಂದು ಮಾತ್ರ ಅವರಿಂದ ಬಿಡಲಾಗಲಿಲ್ಲ.

1961ರ ಸೆಪ್ಟೆಂಬರ್ 18ರಂದು ಒಂದು ದುರಂತ ನಡೆಯಿತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಸ್ವೀಡನ್ ದೇಶದ ದಾಗ್ ಹಮ್ಮರ್‌ಷೋಲ್ಡ್ ಅವರು ಆಫ್ರಿಕಾದ ಕಾಂಗೋ ದೇಶದ ಜಗಳವನ್ನು ಬಿಡಿಸಲು ಹೊರಟಿದ್ದಾಗ ಅವರ ವಿಮಾನ ಬಿದ್ದು ತೀರಿಕೊಂಡರು. ಅವರ ಕುರ್ಚಿಯಲ್ಲಿ ಯಾರನ್ನು ಕೂಡಿಸುವುದು? ಐದು ದೊಡ್ಡ ದೇಶಗಳಲ್ಲಿ ಒಂದು ಬೇಡವೆಂದರೂ ಆಯ್ಕೆ ಆಗುವಂತಿಲ್ಲ. ಅಮೇರಿಕೆ ಮೆಚ್ಚಿದವರನ್ನು ರಷ್ಯಾ ಒಪ್ಪದು, ರಷ್ಯಾ ಮೆಚ್ಚಿದವರನ್ನು ಅಮೇರಿಕೆ ಒಪ್ಪದು. ಒಬ್ಬರ ಬದಲು ಮೂವರು ಇರಲಿ ಎಂದು ರಷ್ಯಾ ಹಟ ಹಿಡಿದಿತ್ತು. ಒಂದು ಬಂಡಿಗೆ ಮೂವರು ಸಾರಥಿಗಳಾದರೆ ಬಂಡಿ ಎತ್ತ ಹೋದೀತು? ಆರು ವಾರ ಚರ್ಚೆ ನಡೆಯಿತು. ಕೊನೆಗೆ ಯಾರೂ ಬೇಡವೆನ್ನದ ಒಂದು ಹೆಸರು ಉಳಿಯಿತು. ಎರಡೂ ಪಕ್ಷಗಳಿಗೆ ಸೇರದ ಸಣ್ಣ ದೇಶದವರು, ಹೊಸ ದೇಶಗಳ ವಿಶ್ವಾಸ ಪಡೆದವರು. 1961ರ ನವೆಂಬರ್ 3ರಂದು ಊ ಥಾಂಟ್ ಅವರನ್ನು ಸರ್ವಾನುಮತದಿಂದ ಆರಿಸಿದರು. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿ ಕುಳಿತ ಇಬ್ಬರೂ ಯುರೋಪಿನವರು. ಏಷ್ಯಾದಿಂದ ಹೋದ ಮೊದಲಿಗರು ಇವರೇ.

ಮರುವರ್ಷ, 1962, ಅವರ ಬಾಳಿನಲ್ಲಿ ಬಹಳ ಕಠಿಣವಾದ ವರ್ಷ. ಮಾರ್ಚ್ ತಿಂಗಳಲ್ಲಿ ಬರ್ಮಾದ ಸೇನಾಪತಿ ನೆ ವಿನ್ ಎಂಬವರು ಸರಕಾರವನ್ನು ಕಿತ್ತು ಅಧಿಕಾರ ಹಿಡಿದರು. ಗೆಳೆಯ ಊ ನು ಸೆರೆಮನೆ ಸೇರಿದರು. ಮೇ ತಿಂಗಳಲ್ಲಿ ರಂಗೂನಿನಲ್ಲಿ ಥಾಂಟರ ತರುಣ ಮಗ ಬಸ್ಸಿನಿಂದ ಬಿದ್ದು ತೀರಿಕೊಂಡ. ಹೀಗೆ ಮನೆಯ ದುಃಖ, ದೇಶದ ದುಃಖ ಎರಡೂ ಇರುವಾಗಲೇ ಅಕ್ಟೋಬರ್ ಬಂತು.

ನಕಾಶೆಯಲ್ಲಿ ಈಗ ಅಮೇರಿಕೆಯ ಕೆಳಗೆ ಕ್ಯೂಬಾ ಎಂಬ ದ್ವೀಪವನ್ನು ಹುಡುಕಿರಿ. ಅಮೇರಿಕೆಯಿಂದ ಅದು ಸುಮಾರು 150 ಕಿಲೋಮೀಟರ್ ದೂರ. ಸೊಲ್ಲಾಪುರದಿಂದ ವಿಜಾಪುರಕ್ಕೆ ಹೋಗಿ ಇನ್ನೊಂದಿಷ್ಟು ಮುಂದೆ ಸಾಗಿದಷ್ಟು. ಆ ದ್ವೀಪದಲ್ಲಿ ರಷ್ಯಾ ಅಣ್ವಸ್ತ್ರ ಹೊತ್ತೊಯ್ಯುವ ಕ್ಷಿಪಣಿಗಳನ್ನು ಗುಟ್ಟಾಗಿ ನಿಲ್ಲಿಸುತ್ತಿತ್ತು. ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೊ ಅವರಿಗೆ ಅಮೇರಿಕೆ ತಮ್ಮ ದೇಶದ ಮೇಲೆ ದಾಳಿ ಮಾಡೀತೆಂಬ ಭಯ. ಅಮೇರಿಕೆಯ ವಿಮಾನಗಳು ಈ ಕ್ಷಿಪಣಿಗಳ ಫೋಟೋ ತೆಗೆದವು. ಅಧ್ಯಕ್ಷ ಕೆನಡಿಯವರು ಅಕ್ಟೋಬರ್ 22ರಂದು ಜಗತ್ತಿಗೆ ಈ ವಿಷಯ ತಿಳಿಸಿ, ಕ್ಯೂಬಾದ ಸುತ್ತ ಸಮುದ್ರದಲ್ಲಿ ಯುದ್ಧನೌಕೆಗಳ ಬೇಲಿ ಹಾಕಿಸಿದರು. ಅತ್ತ ರಷ್ಯಾದ ಹಡಗುಗಳು ಆ ಬೇಲಿಯ ಕಡೆಗೇ ಬರುತ್ತಿದ್ದವು. ಹಡಗು ಬಂದು ಹಡಗನ್ನು ತಡೆದರೆ ಗುಂಡು ಹಾರುತ್ತದೆ. ಗುಂಡು ಹಾರಿದರೆ ಅಣುಯುದ್ಧ. ಅಂದು ಜಗತ್ತಿನ ತುಂಬ ಜನ ರೇಡಿಯೋಗೆ ಕಿವಿ ಕೊಟ್ಟು ಕುಳಿತಿದ್ದರು.

ಯಾರು ಮಾತಾಡಬೇಕು? ಸಣ್ಣ ದೇಶಗಳು ಮಾತಾಡಿದವು. ಯಾವ ಪಕ್ಷಕ್ಕೂ ಸೇರದ ನಲವತ್ತಕ್ಕೂ ಹೆಚ್ಚು ದೇಶಗಳ ಪ್ರತಿನಿಧಿಗಳು ವಿಶ್ವಸಂಸ್ಥೆಯಲ್ಲಿ ಒಟ್ಟುಗೂಡಿ, ನೀವು ಏನಾದರೂ ಮಾಡಲೇಬೇಕೆಂದು ಥಾಂಟರನ್ನು ಕೇಳಿಕೊಂಡರು. ಬಾಂಬು ಬಿದ್ದರೆ ದೊಡ್ಡವರ ಜೊತೆ ಸಣ್ಣವರೂ ಸಾಯುತ್ತಾರೆ. ಹಾಗಾದರೆ ಸಣ್ಣವರಿಗೂ ಮಾತಾಡುವ ಹಕ್ಕು ಇದೆಯಷ್ಟೆ.

ಅಕ್ಟೋಬರ್ 24ರಂದು ಥಾಂಟರು ಕೆನಡಿಯವರಿಗೂ ರಷ್ಯಾದ ಕ್ರುಶ್ಚೇವ್ ಅವರಿಗೂ ಒಂದೇ ಬಗೆಯ ಎರಡು ಸಂದೇಶಗಳನ್ನು ಕಳಿಸಿದರು. ಎರಡು ಮೂರು ವಾರಗಳ ಮಟ್ಟಿಗೆ ರಷ್ಯಾ ಶಸ್ತ್ರಗಳನ್ನು ಸಾಗಿಸುವುದನ್ನು ನಿಲ್ಲಿಸಲಿ, ಅಮೇರಿಕೆ ಹಡಗುಗಳನ್ನು ತಡೆಯುವುದನ್ನು ನಿಲ್ಲಿಸಲಿ, ಆ ಬಿಡುವಿನಲ್ಲಿ ಮಾತುಕತೆ ನಡೆಯಲಿ ಎಂಬುದು ಅದರ ಸಾರ. ಮರುದಿನ ಮತ್ತೆ ಎರಡು ಸಂದೇಶ. ರಷ್ಯಾದ ಹಡಗುಗಳು ಆ ಬೇಲಿಯಿಂದ ದೂರ ನಿಲ್ಲಲಿ. ಅಮೇರಿಕೆಯ ನೌಕೆಗಳು ಅವುಗಳ ಮೇಲೆ ಏರಿ ಹೋಗದಿರಲಿ.

ಇಷ್ಟು ಸರಳವಾದ ಮಾತು ಹೇಗೆ ಕೆಲಸ ಮಾಡಿತು ಎಂದು ನಿಮಗೆ ಅನಿಸಬಹುದು. ಶಾಲೆಯ ಅಂಗಳದಲ್ಲಿ ಇಬ್ಬರು ಹುಡುಗರು ಒಬ್ಬರ ಕೊರಳಪಟ್ಟಿಯನ್ನು ಇನ್ನೊಬ್ಬರು ಹಿಡಿದು ನಿಂತದ್ದನ್ನು ನೋಡಿದ್ದೀರಿ. ಮೂವತ್ತು ವರ್ಷಗಳಿಂದ ನಾನೂ ನೋಡುತ್ತಿದ್ದೇನೆ. ಇಬ್ಬರಿಗೂ ಬಿಡುವ ಮನಸ್ಸಿರುತ್ತದೆ. ಆದರೆ ಮೊದಲು ಬಿಟ್ಟವನು ಅಂಜಿದನೆಂದು ಸುತ್ತಲಿನವರು ನಗುತ್ತಾರೆ. ಅದಕ್ಕೇ ಇಬ್ಬರೂ ಇನ್ನಷ್ಟು ಬಿಗಿ ಹಿಡಿಯುತ್ತಾರೆ. ಅಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿತೆನ್ನಿ. ಇಬ್ಬರೂ ಒಮ್ಮೆಲೇ ಕೈಬಿಟ್ಟು ತರಗತಿಗೆ ಓಡುತ್ತಾರೆ. ಯಾರೂ ಸೋತಂತೆ ಆಗುವುದಿಲ್ಲ. ಪಂತನಾವ್‌ನ ಮಾಸ್ತರರು ಅಂದು ಬಾರಿಸಿದ್ದು ಇಂಥ ಗಂಟೆಯನ್ನೇ. ಶತ್ರುವಿನ ಮಾತು ಕೇಳಿ ಹಿಂದೆ ಸರಿದರೆ ಅವಮಾನ. ವಿಶ್ವಸಂಸ್ಥೆಯ ಕೋರಿಕೆಗೆ ಓಗೊಟ್ಟು ನಿಂತರೆ ಅವಮಾನವಿಲ್ಲ.

ಇಬ್ಬರೂ ಎರಡನೆಯ ಕೋರಿಕೆಯನ್ನು ಒಪ್ಪಿಕೊಂಡರು. ಕೆನಡಿ ಮತ್ತು ಕ್ರುಶ್ಚೇವ್ ತಮ್ಮೊಳಗೆ ನೇರವಾಗಿಯೂ ಪತ್ರ ಬರೆದುಕೊಳ್ಳುತ್ತಿದ್ದರು, ಗುಟ್ಟಿನ ಮಾತುಕತೆಯೂ ನಡೆದಿತ್ತು. ಎಲ್ಲವನ್ನೂ ಥಾಂಟರೇ ಮಾಡಿದರು ಎಂದರೆ ತಪ್ಪಾದೀತು. ಆದರೆ ಅವರ ಮಾತುಕತೆಗೆ ಬೇಕಾದ ಎರಡು ಮೂರು ದಿನಗಳ ಉಸಿರನ್ನು ದೊರಕಿಸಿಕೊಟ್ಟವರು ಥಾಂಟರು. ಅಕ್ಟೋಬರ್ 28ರಂದು ಕ್ಷಿಪಣಿಗಳನ್ನು ಹಿಂದಕ್ಕೆ ಒಯ್ಯುವುದಾಗಿ ರಷ್ಯಾ ಘೋಷಿಸಿತು. ಕ್ಯೂಬಾದ ಮೇಲೆ ದಾಳಿ ಮಾಡುವುದಿಲ್ಲವೆಂದು ಅಮೇರಿಕೆ ಮಾತು ಕೊಟ್ಟಿತು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಿರಿ. ಈ ಒಪ್ಪಂದದಲ್ಲಿ ಕ್ಯೂಬಾವನ್ನು ಯಾರೂ ಕೇಳಲೇ ಇಲ್ಲ! ಕ್ಷಿಪಣಿಗಳು ನಿಂತದ್ದು ಆ ನೆಲದ ಮೇಲೆ, ದಾಳಿಯಾದರೆ ಸಾಯುತ್ತಿದ್ದವರು ಆ ಜನ. ಕ್ಯಾಸ್ಟ್ರೊ ಕೆಂಡವಾಗಿದ್ದರು. ಅಕ್ಟೋಬರ್ 30ರಂದು ಥಾಂಟರು ತಾವೇ ಕ್ಯೂಬಾಕ್ಕೆ ಹೋಗಿ ಅವರ ಮಾತನ್ನು ಕೇಳಿದರು. ವಿಶ್ವಸಂಸ್ಥೆಯವರು ಬಂದು ಪರೀಕ್ಷೆ ಮಾಡುವುದನ್ನು ಕ್ಯಾಸ್ಟ್ರೊ ಒಪ್ಪಲಿಲ್ಲ. ಹೋದ ಕೆಲಸ ಪೂರ್ತಿ ಆಗಲಿಲ್ಲ. ಆದರೂ ಅವರನ್ನು ಒಂದು ದೇಶದ ನಾಯಕರೆಂದು ಎಣಿಸಿ ಎದುರು ಕುಳಿತು ಮಾತಾಡಿದವರು ಒಬ್ಬರಾದರೂ ಇದ್ದರು. 1963ರ ಜನವರಿಯಲ್ಲಿ ಅಮೇರಿಕೆ ಮತ್ತು ರಷ್ಯಾ ಎರಡೂ ಕೂಡಿ ಒಂದೇ ಪತ್ರದಲ್ಲಿ ಥಾಂಟರಿಗೆ ಕೃತಜ್ಞತೆ ತಿಳಿಸಿದವು.

ಕಾಂಗೋ ದೇಶ ಒಡೆದು ಹೋಗದಂತೆ ತಡೆಯುವ ಕೆಲಸವನ್ನೂ ಅವರು ಮುಂದುವರಿಸಿದರು. ನಮ್ಮ ಸೈನಿಕರು ಅಲ್ಲಿ ವಿಶ್ವಸಂಸ್ಥೆಯ ಪರವಾಗಿ ಹೋರಾಡಿದರು. ಕ್ಯಾಪ್ಟನ್ ಗುರುಬಚನ ಸಿಂಗ್ ಸಲಾರಿಯಾ ಅವರು 1961ರ ಡಿಸೆಂಬರ್‌ನಲ್ಲಿ ಪ್ರಾಣ ಕೊಟ್ಟದ್ದು ಆ ನೆಲದಲ್ಲಿ. ಅವರಿಗೆ ಪರಮವೀರ ಚಕ್ರ ದೊರೆಯಿತು. 1965ರ ಸೆಪ್ಟೆಂಬರ್‌ನಲ್ಲಿ ಭಾರತ ಪಾಕಿಸ್ತಾನಗಳ ಯುದ್ಧ ನಡೆದಾಗ ಥಾಂಟರು ರಾವಳಪಿಂಡಿಗೆ ಹೋದರು, ದಿಲ್ಲಿಗೆ ಬಂದು ಲಾಲ್ ಬಹಾದ್ದೂರ ಶಾಸ್ತ್ರಿಯವರನ್ನು ಕಂಡರು. ಅದೇ ತಿಂಗಳು ಯುದ್ಧ ನಿಂತಿತು. ಆ ವರ್ಷ ನಮ್ಮ ಸರಕಾರ ಅಂತರರಾಷ್ಟ್ರೀಯ ಸೌಹಾರ್ದಕ್ಕಾಗಿ ಜವಾಹರಲಾಲ ನೆಹರು ಪ್ರಶಸ್ತಿಯನ್ನು ಆರಂಭಿಸಿತು. ಮೊದಲ ಪ್ರಶಸ್ತಿ ಥಾಂಟರಿಗೆ ಸಂದಿತು. 1966ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ದೊಡ್ಡ ಸಭಾಗೃಹದಲ್ಲಿ ಕರ್ನಾಟಕ ಸಂಗೀತ ಕೇಳಿಬಂತು. ಥಾಂಟರ ಆಹ್ವಾನದಂತೆ ಅಲ್ಲಿ ಹಾಡಿದವರು ಎಂ. ಎಸ್. ಸುಬ್ಬುಲಕ್ಷ್ಮಿ.

ಅವರ ಎಲ್ಲ ಕೆಲಸಗಳೂ ಕೈಗೂಡಲಿಲ್ಲ. ವಿಯೆಟ್ನಾಮಿನಲ್ಲಿ ಅಮೇರಿಕೆಯ ಯುದ್ಧ ನಿಲ್ಲಿಸಲು ತೆರೆಮರೆಯಲ್ಲಿ ಬಹಳ ಪ್ರಯತ್ನಿಸಿದರು. ಯುದ್ಧ ನಿಲ್ಲಲಿಲ್ಲ, ಅಮೇರಿಕೆಯ ನಾಯಕರಿಗೆ ಅವರ ಮೇಲೆ ಮುನಿಸು ಮಾತ್ರ ಬಂತು. 1967ರಲ್ಲಿ ಈಜಿಪ್ಟ್ ತನ್ನ ನೆಲದಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಡೆ ಹೊರಡಬೇಕೆಂದು ಹೇಳಿತು. ಆ ನೆಲದ ಒಡೆಯರು ಬೇಡವೆಂದ ಮೇಲೆ ನಿಲ್ಲುವ ಹಕ್ಕಿಲ್ಲವೆಂದು ಥಾಂಟರು ಪಡೆಯನ್ನು ಹಿಂದಕ್ಕೆ ಕರೆದರು. ಕೆಲವೇ ದಿನಗಳಲ್ಲಿ, ಜೂನ್ 5ರಂದು, ಇಸ್ರೇಲ್ ಮತ್ತು ಅರಬ ದೇಶಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಎಷ್ಟೋ ಜನ ಥಾಂಟರನ್ನೇ ದೂರಿದರು. ಹೊಸದಾಗಿ ಸ್ವತಂತ್ರವಾದ ದೇಶದಿಂದ ಬಂದವರಿಗೆ ಇನ್ನೊಂದು ಅಂಥ ದೇಶದ ಹಕ್ಕು ದೊಡ್ಡದಾಗಿ ಕಂಡದ್ದು ಸಹಜ. ಆದರೂ ಅಪ್ಪಣೆ ಕೊಡುವ ಮೊದಲೇ ಅವರು ಕೈರೋ ನಗರಕ್ಕೆ ಹೋಗಿ ನಾಸೆರ್ ಅವರ ಜೊತೆ ಮಾತಾಡಬೇಕಿತ್ತು ಎಂದು ನನಗೆ ಅನಿಸುತ್ತದೆ. ಅವರು ಹೋದರು, ಆದರೆ ತಡವಾಗಿ ಹೋದರು.

1971ರ ಕೊನೆಗೆ ಹತ್ತು ವರ್ಷಗಳ ಸೇವೆ ಮುಗಿಸಿ ಅವರು ನಿವೃತ್ತರಾದರು. ಇನ್ನೊಂದು ಅವಧಿಗೆ ನಿಲ್ಲಲು ಅವರೇ ಒಪ್ಪಲಿಲ್ಲ. ಅಷ್ಟರಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು 132 ಆಗಿದ್ದವು. ಈಗ ಊರಿಗೆ ಹೋಗಬಹುದಿತ್ತಲ್ಲವೆ? ಹೋಗಲಾಗಲಿಲ್ಲ. 1969ರಲ್ಲಿ, ಸೆರೆಯಿಂದ ಬಿಡುಗಡೆಯಾಗಿದ್ದ ಊ ನು ಅವರು ನ್ಯೂಯಾರ್ಕಿಗೆ ಬಂದು ವಿಶ್ವಸಂಸ್ಥೆಯ ಕಟ್ಟಡದಲ್ಲಿಯೇ ಪತ್ರಕರ್ತರನ್ನು ಕರೆದು ನೆ ವಿನ್ ಸರಕಾರವನ್ನು ಉರುಳಿಸುವ ಮಾತಾಡಿದ್ದರು. ಥಾಂಟರು ಆಗ ಆಫ್ರಿಕಾದ ಪ್ರವಾಸದಲ್ಲಿದ್ದರು. ಅವರಿಗೆ ಇದರಲ್ಲಿ ಕೈಯಿರಲಿಲ್ಲ. ಆದರೆ ನೆ ವಿನ್ ಅದನ್ನು ನಂಬಲಿಲ್ಲ. ಅಂದಿನಿಂದ ಅವರಿಗೆ ಥಾಂಟರು ಶತ್ರು.

1974ರ ನವೆಂಬರ್ 25ರಂದು ಊ ಥಾಂಟ್ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ಆಗ ಅವರಿಗೆ 65 ವರ್ಷ. ವಿಶ್ವಸಂಸ್ಥೆಯಲ್ಲಿ ಅಂತಿಮ ದರ್ಶನವಾದ ಮೇಲೆ ಅವರ ದೇಹವನ್ನು ವಿಮಾನದಲ್ಲಿ ರಂಗೂನಿಗೆ ತಂದರು. ಜಗತ್ತು ಗೌರವಿಸಿದ ಮನುಷ್ಯನನ್ನು ಇದಿರುಗೊಳ್ಳಲು ವಿಮಾನ ನಿಲ್ದಾಣಕ್ಕೆ ಪ್ರಧಾನಮಂತ್ರಿ ಬರಲಿಲ್ಲ, ಸೇನಾಪತಿ ಬರಲಿಲ್ಲ. ಸರಕಾರಿ ಗೌರವ ಇಲ್ಲವೆಂದು ಅಪ್ಪಣೆಯಾಗಿತ್ತು. ಸರಕಾರದ ಒಬ್ಬರು ಮಾತ್ರ ಬಂದಿದ್ದರು. ಅವರು ಶಿಕ್ಷಣ ಖಾತೆಯ ಉಪಮಂತ್ರಿ, ಥಾಂಟರ ಹಳೆಯ ವಿದ್ಯಾರ್ಥಿ. ಅವರು ಆ ಹುದ್ದೆಯನ್ನು ಕಳೆದುಕೊಂಡರು.

ಡಿಸೆಂಬರ್ 5ರಂದು ಶವಯಾತ್ರೆ. ಹಾದಿಯ ಎರಡೂ ಬದಿಗೆ ಸಾವಿರಾರು ಜನ ನಿಂತಿದ್ದರು. ಸಾಧಾರಣವಾದ ಒಂದು ಸ್ಮಶಾನಕ್ಕೆ ಒಯ್ಯುವುದೆಂದು ಗೊತ್ತಾಗಿತ್ತು. ವಿದ್ಯಾರ್ಥಿಗಳಿಗೆ ಇದು ಸಹನವಾಗಲಿಲ್ಲ. ಅವರು ಶವಪೆಟ್ಟಿಗೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡು ವಿಶ್ವವಿದ್ಯಾಲಯಕ್ಕೆ ಒಯ್ದರು. ಅಲ್ಲಿ ಒಂದು ಖಾಲಿ ಜಾಗವಿತ್ತು. 1962ರಲ್ಲಿ ಸೈನ್ಯ ಸಿಡಿಮದ್ದಿಟ್ಟು ಉರುಳಿಸಿದ ವಿದ್ಯಾರ್ಥಿಸಂಘದ ಕಟ್ಟಡದ ಜಾಗ ಅದು. ಹುಡುಗರೂ ಹುಡುಗಿಯರೂ ಕೂಡಿ ಇಟ್ಟಿಗೆ ಹೊತ್ತು, ಗಾರೆ ಕಲಸಿ ತಮ್ಮ ಕೈಯಿಂದಲೇ ಸಮಾಧಿ ಕಟ್ಟಿದರು. ಜನರು ತಂಡತಂಡವಾಗಿ ಬಂದು ನಮಸ್ಕರಿಸಿ ಹೋದರು. ಡಿಸೆಂಬರ್ 11ರ ನಸುಕಿನಲ್ಲಿ ಸೈನ್ಯ ಒಳನುಗ್ಗಿತು. ಕಾವಲಿದ್ದ ವಿದ್ಯಾರ್ಥಿಗಳಲ್ಲಿ ಕೆಲವರು ಸತ್ತರು, ಬಹಳ ಜನರನ್ನು ಹಿಡಿದೊಯ್ದರು. ಸೈನಿಕರು ಸಮಾಧಿಯನ್ನು ಒಡೆದು ಶವಪೆಟ್ಟಿಗೆಯನ್ನು ತೆಗೆದುಕೊಂಡು ಹೋಗಿ ಶ್ವೇಡಗೋನ್ ಎಂಬ ಚಿನ್ನದ ಹೊದಿಕೆಯ ದೊಡ್ಡ ಪಗೋಡದ ಬುಡದಲ್ಲಿ ಹೂಳಿದರು.

ಥಾಂಟರ ಸಮಾಧಿ ಇಂದಿಗೂ ಅಲ್ಲಿಯೇ ಇದೆ. ಅವರು ರಂಗೂನಿನಲ್ಲಿ ವಾಸವಾಗಿದ್ದ ಮನೆಯನ್ನು ಬಹಳ ವರ್ಷಗಳ ನಂತರ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಕಟ್ಟಡದ ಎದುರಿಗೆ, ನದಿಯ ನಡುವೆ, ಒಂದು ಪುಟ್ಟ ಕಲ್ಲಿನ ದ್ವೀಪವಿದೆ. ಅಲ್ಲಿ ಯಾರೂ ವಾಸಿಸುವುದಿಲ್ಲ. ನೀರುಕಾಗೆಗಳು ಗೂಡು ಕಟ್ಟುತ್ತವೆ. ಅದನ್ನು ಜನರು ಊ ಥಾಂಟ್ ದ್ವೀಪ ಎಂದು ಕರೆಯುತ್ತಾರೆ.